ಒಳಗಿನ ಸೆಕೆಗೆ ಯಾರು ಹೊಣೆ?

ಏಪ್ರಿಲ್ ತಿಂಗಳ ರಾತ್ರಿ ಮನೆಯೊಳಗೆ ಧಗೆ ತಡೆಯಲಾಗದಿದ್ದರೆ ನಮಗೆ ಹತ್ತು ದಾರಿಗಳಿವೆ. ಚಾಪೆ ಎತ್ತಿಕೊಂಡು ತಾರಸಿಗೆ ಹೋಗುತ್ತೇವೆ, ಕಿಟಕಿ ತೆರೆಯುತ್ತೇವೆ, ಒದ್ದೆ ಟವೆಲ್ಲು ಹೆಗಲಿಗೆ ಹಾಕಿಕೊಳ್ಳುತ್ತೇವೆ, ಬೇಕೆನಿಸಿದರೆ ನಡುರಾತ್ರಿ ಇನ್ನೊಂದು ಸಲ ಮೈಗೆ ನೀರು ಹೊಯ್ದುಕೊಳ್ಳುತ್ತೇವೆ. ಡಿಸೆಂಬರಿನಲ್ಲಿ ಇನ್ನೊಂದು ಕಂಬಳಿ ಎಳೆದುಕೊಳ್ಳುತ್ತೇವೆ. ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದವರಿಗೆ, ಬಾಲಮಂದಿರದ ಮಕ್ಕಳಿಗೆ, ಮಾನಸಿಕ ಅಸ್ವಸ್ಥರ ಪುನರ್ವಸತಿ ಕೇಂದ್ರದಲ್ಲಿ ಇರುವವರಿಗೆ ಇದರಲ್ಲಿ ಬಹುಪಾಲು ಅವರ ಕೈಯಲ್ಲಿಲ್ಲ. ಕಿಟಕಿ ತೆರೆಯುವುದು ಬಿಡುವುದು ಮೇಲ್ವಿಚಾರಕರಿಗೆ ಬಿಟ್ಟದ್ದು. ತಾರಸಿಯ ಬಾಗಿಲಿಗೆ ಬೀಗ. ನೀರು ಬೇಕೆಂದರೆ ಆಯಾ ಬರುವವರೆಗೆ ಕಾಯಬೇಕು. ಮಾತು ಕಳೆದುಕೊಂಡ ಹಿರಿಯರಿಗೆ ಸೆಕೆಯಾಗುತ್ತಿದೆ ಎಂದು ಹೇಳಲೂ ಆಗುವುದಿಲ್ಲ.

ಹೀಗೆ ತಮ್ಮ ಸುತ್ತಲಿನ ಗಾಳಿಯ ಮೇಲೆ ಹಿಡಿತವಿಲ್ಲದವರ ಪರವಾಗಿ ಕಾನೂನು ಒಂದು ಅಂಕೆಯನ್ನು ನಿಗದಿ ಮಾಡಬೇಕೇ? ಮಾಡಿದರೆ ಎಷ್ಟು ಡಿಗ್ರಿ? ಅಳೆಯುವವರು ಯಾರು, ಅಳೆಯುವುದು ಎಲ್ಲಿ, ಮಿತಿ ಮೀರಿದಾಗ ಮಾಡಬೇಕಾದದ್ದೇನು? ಈ ಪ್ರಶ್ನೆಗಳಿಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಕಾಲದಲ್ಲಿ ಉತ್ತರ ಕೊಟ್ಟಿವೆ. ಬಹುಪಾಲು ಉತ್ತರಗಳು ಸಾವುಗಳ ನಂತರ ಬಂದವು. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಬೇಕಾದ ನಿಯಮ ಎಂಥದ್ದು ಎಂಬುದೂ ಸ್ಪಷ್ಟವಾಗುತ್ತದೆ.

ದೇಹದ ಲೆಕ್ಕ

ಆರೋಗ್ಯವಂತ ಯುವಕನ ದೇಹ ಸೆಕೆಯನ್ನು ಎರಡು ರೀತಿಯಲ್ಲಿ ನಿಭಾಯಿಸುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಕಾವನ್ನು ಹೊರಗೆ ತರುತ್ತವೆ. ಬೆವರು ಆರಿ ಚರ್ಮವನ್ನು ತಂಪು ಮಾಡುತ್ತದೆ. ವಯಸ್ಸಾದಂತೆ ಇವೆರಡೂ ಕುಗ್ಗುತ್ತವೆ. ಬೆವರುವುದು ಕಡಿಮೆಯಾಗುತ್ತದೆ, ಹೃದಯಕ್ಕೆ ಚರ್ಮದ ಕಡೆಗೆ ಹೆಚ್ಚು ರಕ್ತ ಹರಿಸುವ ಶಕ್ತಿ ಸಾಲದಾಗುತ್ತದೆ, ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ಇದರ ಮೇಲೆ ಔಷಧಗಳ ಕಾಟ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ಮೈಯ ನೀರನ್ನು ಹಿಂಡುತ್ತವೆ. ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳು ಬೆವರನ್ನೇ ತಡೆಯುತ್ತವೆ. ಆಶ್ರಯಧಾಮಗಳಲ್ಲಿ ಇರುವವರಲ್ಲಿ ಇಂಥ ಮಾತ್ರೆ ನುಂಗುವವರು ಅನೇಕರು. ಹಾಗಾಗಿ ಕಚೇರಿಯಲ್ಲಿ ಕೂತವರಿಗೆ ಬರೀ ಕಿರಿಕಿರಿ ಎನಿಸುವ ಸೆಕೆ ಇವರಿಗೆ ಪ್ರಾಣಕ್ಕೇ ಕುತ್ತಾಗಬಹುದು.

ಎಷ್ಟು ಡಿಗ್ರಿಯಲ್ಲಿ ಅಪಾಯ ಶುರುವಾಗುತ್ತದೆ? ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದ ಸಂಶೋಧಕರು ಹಿರಿಯ ವಯಸ್ಸಿನ ಸ್ವಯಂಸೇವಕರನ್ನು 22, 26, 31 ಮತ್ತು 36 ಡಿಗ್ರಿ ಸೆಲ್ಸಿಯಸ್‌ನ ಕೋಣೆಗಳಲ್ಲಿ ಎಂಟು ಎಂಟು ಗಂಟೆ ಇರಿಸಿ ನೋಡಿದರು. 26ರವರೆಗೆ ಅವರ ಮೈಯೊಳಗಿನ ಕಾವು ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. 31ರಲ್ಲಿ ಏರತೊಡಗಿ 36ರಲ್ಲಿ ಇನ್ನಷ್ಟು ಏರಿತು. ತಣ್ಣನೆ ದೇಶದವರ ಮೇಲೆ ನಡೆದ ಈ ಪ್ರಯೋಗವನ್ನು ರಾಯಚೂರಿನ ಅಜ್ಜಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ. ಆದರೂ 26 ಎಂಬ ಅಂಕೆ ಹಲವು ದೇಶಗಳ ನಿಯಮಗಳಲ್ಲಿ ಮತ್ತೆ ಮತ್ತೆ ಕಾಣಿಸುವುದಕ್ಕೆ ದೇಹಶಾಸ್ತ್ರದ ಆಧಾರ ಇದೆ ಎಂಬುದನ್ನು ಇದು ತೋರಿಸುತ್ತದೆ.

ಚಳಿಯ ಕಡೆಯ ಅಂಕೆಗೆ ಇದಕ್ಕಿಂತ ಹಳೆಯ ಇತಿಹಾಸವಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ವಸತಿ ಮತ್ತು ಆರೋಗ್ಯ ಮಾರ್ಗಸೂಚಿ, ಶೀತ ಮತ್ತು ಸಮಶೀತೋಷ್ಣ ಪ್ರದೇಶಗಳಲ್ಲಿ ಒಳಗಿನ ಉಷ್ಣಾಂಶ 18 ಡಿಗ್ರಿಗಿಂತ ಇಳಿಯಬಾರದು ಎಂದು ಖಚಿತವಾಗಿ ಹೇಳಿತು. ವೃದ್ಧರಿಗೆ, ಮಕ್ಕಳಿಗೆ, ಕಾಯಿಲೆಯವರಿಗೆ ಇನ್ನೂ ಹೆಚ್ಚು ಬೇಕಾಗಬಹುದು ಎಂದೂ ಸೇರಿಸಿತು. ಸೆಕೆಯ ವಿಷಯಕ್ಕೆ ಬಂದಾಗ ಅದೇ ಮಾರ್ಗಸೂಚಿ ಅಂಕೆ ಹೇಳಲಿಲ್ಲ. ಒಳಗಿನ ಅತಿಯಾದ ಬಿಸಿಯಿಂದ ಜನರನ್ನು ಕಾಪಾಡುವ ಕ್ರಮಗಳನ್ನು ರೂಪಿಸಿ ಎಂದಷ್ಟೇ ಹೇಳಿ ಸುಮ್ಮನಾಯಿತು. ಜಗತ್ತಿನ ಕಾನೂನುಗಳಲ್ಲೂ ಇದೇ ಓರೆ ಕಾಣುತ್ತದೆ. ಚಳಿಗೆ ಅಂಕೆ ಇದೆ, ಸೆಕೆಗೆ ಉಪದೇಶ ಇದೆ.

ಚಳಿಯ ನಿಯಮ ಮೊದಲು

ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ‘ಹೀಟ್ ಸೀಸನ್’. ಹಗಲು ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದರೆ ಬಾಡಿಗೆ ಮನೆಯ ಒಳಗೆ ಕನಿಷ್ಠ 68 (ಸುಮಾರು 20 ಸೆಲ್ಸಿಯಸ್) ಇರಬೇಕು. ರಾತ್ರಿ ಹೊರಗೆ ಎಷ್ಟೇ ಇರಲಿ, ಒಳಗೆ 62ಕ್ಕೆ (ಸುಮಾರು 17) ಕಡಿಮೆಯಾಗುವಂತಿಲ್ಲ. ಕಡಿಮೆಯಾದರೆ ಮನೆ ಮಾಲೀಕನಿಗೆ ದಂಡ. ಜಪಾನ್ ತನ್ನ ದೊಡ್ಡ ಕಟ್ಟಡಗಳ ಒಳಗಿನ ಉಷ್ಣಾಂಶದ ಮಾನದಂಡವನ್ನು 2022ರಲ್ಲಿ ತಿದ್ದಿ, ಕೆಳಮಿತಿಯನ್ನು 17ರಿಂದ 18ಕ್ಕೆ ಏರಿಸಿತು. ಮೇಲ್ಮಿತಿ 28 ಹಾಗೆಯೇ ಇದೆ.

ಈ ನಿಯಮಗಳು ಹುಟ್ಟಿದ್ದು ಚಳಿಯೇ ದೊಡ್ಡ ಶತ್ರುವಾಗಿದ್ದ ಊರುಗಳಲ್ಲಿ. ಅಲ್ಲಿ ಬಾಯ್ಲರ್ ಕೆಟ್ಟರೆ ತಪ್ಪು ಯಾರದೆಂದು ಹೇಳುವುದು ಸುಲಭ. ಸೆಕೆಗೆ ಹಾಗಲ್ಲ. ಬಿಸಿಲನ್ನು ಯಾರೂ ಹಚ್ಚಿಟ್ಟದ್ದಲ್ಲ, ಅದು ದೇವರು ಕೊಟ್ಟದ್ದು ಎಂಬ ಭಾವನೆ ಎಲ್ಲ ಕಡೆ ಇದೆ. ಆದರೆ ತಗಡಿನ ಮಾಡು, ಕಿಟಕಿಯಿಲ್ಲದ ಗೋಡೆ, ಮೇಲಂತಸ್ತಿನ ವಾರ್ಡು ದೇವರು ಕೊಟ್ಟದ್ದಲ್ಲ. ಈ ತಿಳಿವಳಿಕೆ ಕಾನೂನಿನ ಒಳಗೆ ಬರಲು ದುರಂತಗಳೇ ನಡೆಯಬೇಕಾಯಿತು.

ಮೂರು ದುರಂತ, ಮೂರು ನಿಯಮ

2003ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಬೀಸಿದ ಬಿಸಿಗಾಳಿಗೆ ಸುಮಾರು 15 ಸಾವಿರ ಜನ ಸತ್ತರು. ಹೆಚ್ಚಿನವರು ವಯಸ್ಸಾದವರು. ಆಗಸ್ಟ್ ಎಂದರೆ ಅಲ್ಲಿ ರಜೆಯ ತಿಂಗಳು. ಮಕ್ಕಳು ಊರು ಬಿಟ್ಟಿದ್ದರು, ಆಸ್ಪತ್ರೆ ಮತ್ತು ವೃದ್ಧಾಶ್ರಮಗಳಲ್ಲಿ ಸಿಬ್ಬಂದಿಯ ಕೊರತೆಯಿತ್ತು. ಆಮೇಲೆ ಬಂದ ನಿಯಮ ಕುತೂಹಲಕರ. ಪ್ರತಿ ಕೋಣೆಗೂ ಎಸಿ ಹಾಕಿ ಎಂದು ಸರ್ಕಾರ ಹೇಳಲಿಲ್ಲ. ಪ್ರತಿ ವೃದ್ಧಾಶ್ರಮದಲ್ಲೂ ತಂಪಾಗಿಟ್ಟ ಒಂದು ಕೋಣೆಯಾದರೂ ಇರಲೇಬೇಕು, ಬಿಸಿಗಾಳಿಯ ದಿನಗಳಲ್ಲಿ ನಿವಾಸಿಗಳನ್ನು ಸರದಿಯ ಮೇಲೆ ಅಲ್ಲಿಗೆ ಕರೆತರಬೇಕು, ಯಾವ ದಿನ ಯಾರು ಏನು ಮಾಡಬೇಕು ಎಂಬ ‘ನೀಲಿ ಯೋಜನೆ’ ಮೊದಲೇ ಸಿದ್ಧವಿರಬೇಕು ಎಂದಿತು. ಹಣಕ್ಕೂ ದಾರಿ ಮಾಡಿತು: 2004ರ ಕಾನೂನಿನಂತೆ ನೌಕರರು ವರ್ಷದಲ್ಲಿ ಒಂದು ದಿನ ಹೆಚ್ಚು ದುಡಿಯಬೇಕು, ಅದರ ಪಾಲು ವೃದ್ಧರ ಮತ್ತು ಅಂಗವಿಕಲರ ಆರೈಕೆಗೆ ಹೋಗಬೇಕು. ನಿಯಮದ ಜೊತೆಗೇ ದುಡ್ಡಿನ ಮೂಲವನ್ನೂ ಹೇಳಿದ ಅಪರೂಪದ ಉದಾಹರಣೆ ಇದು.

ಎರಡನೆಯದು ಅಮೆರಿಕದ ಫ್ಲಾರಿಡಾದ್ದು. ಅಲ್ಲಿ ಅಂಕೆಯ ನಿಯಮ ಮೊದಲೇ ಇತ್ತು. 1990ರ ಅಕ್ಟೋಬರ್ 1ರ ನಂತರ ಮಾನ್ಯತೆ ಪಡೆದ ನರ್ಸಿಂಗ್ ಹೋಮುಗಳು (ಅಲ್ಲಿ ಹಾಗೆಂದರೆ ದೀರ್ಘಕಾಲ ಇರಿಸಿಕೊಂಡು ನೋಡಿಕೊಳ್ಳುವ ಆರೈಕೆಮನೆಗಳು) 71ರಿಂದ 81 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 22ರಿಂದ 27 ಸೆಲ್ಸಿಯಸ್ ಒಳಗೇ ಇರಬೇಕೆಂದು ಕೇಂದ್ರದ ನಿಯಮ. 2017ರ ಸೆಪ್ಟೆಂಬರ್ 10ರಂದು ಇರ್ಮಾ ಚಂಡಮಾರುತ ಬಡಿದಾಗ ಹಾಲಿವುಡ್ ಎಂಬ ಪಟ್ಟಣದ ಹಾಲಿವುಡ್ ಹಿಲ್ಸ್ ಆರೈಕೆಮನೆಯಲ್ಲಿ ಎಸಿಗೆ ವಿದ್ಯುತ್ ಕೊಡುವ ಟ್ರಾನ್ಸ್‌ಫಾರ್ಮರ್ ಹೋಯಿತು. ದೀಪಗಳು ಉರಿಯುತ್ತಿದ್ದವು, ಫ್ಯಾನುಗಳು ತಿರುಗುತ್ತಿದ್ದವು, ಎಲ್ಲಿಂದಲೋ ತಂದ ಚಿಕ್ಕ ಕೂಲರುಗಳು ಓಡುತ್ತಿದ್ದವು. ಕಟ್ಟಡ ಮಾತ್ರ ಕಾಯುತ್ತಲೇ ಹೋಯಿತು. ಮೂರನೆಯ ದಿನ, 13ರ ಬೆಳಿಗ್ಗೆ ಎಲ್ಲರನ್ನೂ ಹೊರಗೆ ಸಾಗಿಸುವ ಹೊತ್ತಿಗೆ ಕೆಲವರ ಮೈಕಾವು ಉಷ್ಣಮಾಪಕದ ಮಿತಿಯ ಹತ್ತಿರ ಹೋಗಿತ್ತು. ಒಟ್ಟು 12 ಸಾವುಗಳು ಈ ಘಟನೆಯ ಲೆಕ್ಕಕ್ಕೆ ಸೇರಿದವು. ರಸ್ತೆಯ ಆಚೆ ಬದಿಯಲ್ಲೇ ಎಸಿ ಓಡುತ್ತಿದ್ದ ದೊಡ್ಡ ಆಸ್ಪತ್ರೆಯೊಂದಿತ್ತು. ಸಂಸ್ಥೆಯ ಪರವಾನಗಿ ರದ್ದಾಯಿತು. ಆಡಳಿತಾಧಿಕಾರಿಯ ಮೇಲಿನ ಕ್ರಿಮಿನಲ್ ಮೊಕದ್ದಮೆ 2023ರಲ್ಲಿ ಖುಲಾಸೆಯಲ್ಲಿ ಮುಗಿಯಿತು.

ಇಲ್ಲಿ ಸೋತದ್ದು ಅಂಕೆಯಲ್ಲ. 81 ಡಿಗ್ರಿ ಎಂಬ ಮಿತಿ ಕಾಗದದ ಮೇಲೆ ಸರಿಯಾಗೇ ಇತ್ತು. ಅದನ್ನು ಮೀರಿದ ಗಳಿಗೆಯಲ್ಲಿ ಏನು ಮಾಡಬೇಕು, ಎಷ್ಟು ಹೊತ್ತಿನ ಮೇಲೆ ಜನರನ್ನು ಸ್ಥಳಾಂತರಿಸಬೇಕು, ವಿದ್ಯುತ್ತಿಗೆ ಬದಲಿ ಏನು ಎಂಬುದು ಇರಲಿಲ್ಲ. 2018ರಲ್ಲಿ ಫ್ಲಾರಿಡಾ ರಾಜ್ಯ ಆ ಭಾಗವನ್ನು ತುಂಬಿತು: ಕರೆಂಟು ಹೋದರೂ ನರ್ಸಿಂಗ್ ಹೋಮಿನ ಒಂದು ಭಾಗವನ್ನಾದರೂ 96 ಗಂಟೆ ಕಾಲ 81 ಡಿಗ್ರಿಯ ಒಳಗಿಡುವಷ್ಟು ಜನರೇಟರ್ ಮತ್ತು ಇಂಧನದ ವ್ಯವಸ್ಥೆ ಕಡ್ಡಾಯವಾಯಿತು. 96 ಗಂಟೆ ಎಂದರೆ ನಾಲ್ಕು ದಿನ. ಚಂಡಮಾರುತದ ನಂತರ ಲೈನು ಸರಿಪಡಿಸಲು ಹಿಡಿಯುವ ಕಾಲವನ್ನು ನೋಡಿ ಇಟ್ಟ ಲೆಕ್ಕ.

ಮೂರನೆಯದು ಕೆನಡಾದ ಪಶ್ಚಿಮ ತೀರದ ಬ್ರಿಟಿಷ್ ಕೊಲಂಬಿಯ. 2021ರ ಜೂನ್ ಕೊನೆಯಲ್ಲಿ ಅಲ್ಲಿನ ಲಿಟ್ಟನ್ ಎಂಬ ಹಳ್ಳಿಯಲ್ಲಿ 49.6 ಡಿಗ್ರಿ ದಾಖಲಾಯಿತು. ಒಂದೇ ವಾರದಲ್ಲಿ 619 ಜನ ಸೆಕೆಗೆ ಸತ್ತರೆಂದು ಪ್ರಾಂತ್ಯದ ಮರಣ ವಿಚಾರಣಾಧಿಕಾರಿಗಳ ವರದಿ ಹೇಳಿತು. ಅವರಲ್ಲಿ ಶೇ 98ರಷ್ಟು ಜನ ಸತ್ತದ್ದು ಬಿಸಿಲಿನಲ್ಲಲ್ಲ, ಸೂರಿನ ಕೆಳಗೆ. ಮೂವರಲ್ಲಿ ಇಬ್ಬರು 70 ದಾಟಿದವರು. ಆ ಮೇಲೆ ಪ್ರಾಂತ್ಯದ ಕಟ್ಟಡ ಸಂಹಿತೆ ಬದಲಾಯಿತು: 2024ರಿಂದ ಹೊಸದಾಗಿ ಕಟ್ಟುವ ಮನೆಗಳಲ್ಲಿ ಕನಿಷ್ಠ ಒಂದು ವಾಸದ ಕೋಣೆ 26 ಡಿಗ್ರಿ ಮೀರದಂತೆ ವಿನ್ಯಾಸ ಇರಬೇಕು.

ಮೂರು ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ದೋಷ ಎದ್ದು ಕಾಣುತ್ತದೆ. ಅಮೆರಿಕದ ಅಂಕೆ 1990ರ ನಂತರದ ಸಂಸ್ಥೆಗಳಿಗೆ. ಅದಕ್ಕೂ ಹಳೆಯವು ‘ಆರಾಮದಾಯಕ ಮತ್ತು ಸುರಕ್ಷಿತ’ ಮಟ್ಟ ಕಾಪಾಡಿದರೆ ಸಾಕು. ಬ್ರಿಟಿಷ್ ಕೊಲಂಬಿಯದ 26 ಹೊಸ ಮನೆಗಳಿಗೆ. ಬಡವರು, ವೃದ್ಧರು, ದಿಕ್ಕಿಲ್ಲದವರು ಇರುವುದು ಸಾಮಾನ್ಯವಾಗಿ ಹಳೆಯ ಕಟ್ಟಡಗಳಲ್ಲಿ. ಹೊಸದಕ್ಕೆ ಮಾತ್ರ ಅನ್ವಯವಾಗುವ ನಿಯಮ ಬೇಕಾದವರನ್ನೇ ಬಿಟ್ಟುಬಿಡುತ್ತದೆ. ಒಂದೇ ತಂಪು ಕೋಣೆ ಸಾಕೆಂದ ಫ್ರಾನ್ಸಿನ ನಿಯಮ ಹಳೆಯ ಕಟ್ಟಡದಲ್ಲೂ ಜಾರಿಗೆ ಬರಬಲ್ಲದು. ಇಂಗ್ಲೆಂಡಿನ ಬಿಸಿಗಾಳಿ ಯೋಜನೆಯೂ ಇದೇ ದಾರಿ ಹಿಡಿದು, ಆಸ್ಪತ್ರೆ ಮತ್ತು ಆರೈಕೆಮನೆಗಳಲ್ಲಿ 26 ಡಿಗ್ರಿ ಮೀರದ ತಂಪು ಜಾಗ ಗುರುತಿಸಿಡಿ ಎಂದಿತು.

ಒಂಟಾರಿಯೊದ ರಿಜಿಸ್ಟರು

ಅಂಕೆಯ ಬೆನ್ನಿಗೆ ದಿನಚರಿಯನ್ನೂ ಕಟ್ಟಿದ ನಿಯಮ ನೋಡಬೇಕೆಂದರೆ ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೆ ಹೋಗಬೇಕು. ಅಲ್ಲಿನ ದೀರ್ಘಾವಧಿ ಆರೈಕೆಮನೆಗಳ ನಿಯಮಾವಳಿ 2022ರಲ್ಲಿ ಹೊಸ ರೂಪ ಪಡೆಯಿತು. ಒಳಗೆ 22 ಡಿಗ್ರಿಗಿಂತ ಇಳಿಯಬಾರದು. ನಿವಾಸಿಗಳ ಮಲಗುವ ಕೋಣೆಗಳಿಗೆಲ್ಲ 2022ರ ಜೂನ್ 22ರೊಳಗೆ ಎಸಿ ಬರಬೇಕಿತ್ತು. ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಸೆಕೆಯ ಕಾಯಿಲೆ ತಡೆಯುವ ಯೋಜನೆ ಜಾರಿಯಲ್ಲಿರಬೇಕು. ಆ ಅವಧಿಯ ಹೊರಗೂ ಹೊರಗಿನ ಮುನ್ಸೂಚನೆ 26 ತಲುಪಿದರೆ ಅಥವಾ ಒಳಗಿನ ಯಾವುದೇ ಜಾಗ 26 ಮುಟ್ಟಿದರೆ ಅದು ತಾನಾಗಿ ಜಾರಿಗೆ ಬರಬೇಕು.

ಇದಕ್ಕಿಂತ ಮುಖ್ಯ ಅಳತೆಯ ಕ್ರಮ. ಕಟ್ಟಡದ ಬೇರೆ ಬೇರೆ ಭಾಗದ ಕನಿಷ್ಠ ಎರಡು ಮಲಗುವ ಕೋಣೆಗಳಲ್ಲಿ, ಪ್ರತಿ ಅಂತಸ್ತಿನ ಒಂದು ಸಾಮೂಹಿಕ ಜಾಗದಲ್ಲಿ ಉಷ್ಣಾಂಶ ನೋಡಬೇಕು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ 12ರಿಂದ 5ರ ಒಳಗೆ ಒಮ್ಮೆ, ಸಂಜೆ ಅಥವಾ ರಾತ್ರಿ ಒಮ್ಮೆ, ಹೀಗೆ ದಿನಕ್ಕೆ ಮೂರು ಸಲ ಬರೆದಿಡಬೇಕು. ಈ ಸಣ್ಣ ರಿಜಿಸ್ಟರಿನಲ್ಲಿ ದೊಡ್ಡ ಬುದ್ಧಿ ಇದೆ. ಕಚೇರಿ ಕೋಣೆಯಲ್ಲಿ ಉಷ್ಣಮಾಪಕ ನೇತುಹಾಕಿ ‘ನಮ್ಮಲ್ಲಿ 25’ ಎನ್ನಲು ಬರುವುದಿಲ್ಲ. ಬೆಳಗಿನ ತಂಪಿನಲ್ಲಿ ಒಂದು ಸಲ ನೋಡಿ ದಿನದ ಲೆಕ್ಕ ಮುಗಿಸಲೂ ಬರುವುದಿಲ್ಲ. ತಪಾಸಣೆಗೆ ಬಂದವರು ಆ ದಿನದ ಹವೆಯನ್ನಷ್ಟೇ ನೋಡದೆ ಕಳೆದ ತಿಂಗಳ ರಾತ್ರಿಗಳನ್ನೂ ಓದಬಹುದು. ರಾತ್ರಿಪಾಳಿಯ ಆಯಾ ಬರೆದ 31 ಎಂಬ ಅಂಕೆ, ಬೆಳಿಗ್ಗೆ ಬಂದ ಮ್ಯಾನೇಜರ್ ‘ನನಗೆ ಗೊತ್ತೇ ಇರಲಿಲ್ಲ’ ಎನ್ನದಂತೆ ಮಾಡುತ್ತದೆ. ಇಡೀ ನಿಯಮದಲ್ಲಿ ತೀರಾ ಕಡಿಮೆ ಖರ್ಚಿನ ಭಾಗ ಇದು. ಹೊಣೆಗಾರಿಕೆ ಹುಟ್ಟಿಸುವುದೂ ಇದೇ.

ತಂಗುದಾಣಗಳ ವಿಚಿತ್ರ

ವೃದ್ಧಾಶ್ರಮಗಳಿಂದ ನಿರ್ಗತಿಕರ ತಂಗುದಾಣಗಳ ಕಡೆ ತಿರುಗಿದರೆ ಚಿತ್ರ ಬದಲಾಗುತ್ತದೆ. ಇಲ್ಲಿ ಹೆಚ್ಚಿನ ನಿಯಮಗಳು ಬಾಗಿಲು ಯಾವಾಗ ತೆರೆಯಬೇಕು ಎಂಬುದರ ಬಗ್ಗೆ. ಒಳಗೆ ಹೋದ ಮೇಲೆ ಎಷ್ಟು ಡಿಗ್ರಿ ಎಂಬುದರ ಬಗ್ಗೆ ಅಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಗಾಳಿಯ ಕೊರೆತವೂ ಸೇರಿ ಉಷ್ಣಾಂಶ 32 ಫ್ಯಾರನ್‌ಹೀಟ್, ಅಂದರೆ ಸೊನ್ನೆ ಸೆಲ್ಸಿಯಸ್ ಮುಟ್ಟಿದರೆ ‘ಕೋಡ್ ಬ್ಲೂ’. ಬೀದಿಯಲ್ಲಿರುವವರಿಗೆ ಜಾಗ ಇಲ್ಲ ಎನ್ನುವಂತಿಲ್ಲ. ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳೂ ಸೊನ್ನೆಯ ಮುನ್ಸೂಚನೆಗೆ ತುರ್ತು ವಸತಿ ತೆರೆಯುತ್ತವೆ. ಹಾಂಗ್‌ಕಾಂಗ್‌ನಲ್ಲಿ ಚಳಿಯ ಎಚ್ಚರಿಕೆ ಹೊರಟರೆ ಚಳಿ ತಂಗುದಾಣ, ಅತಿ ಸೆಕೆಯ ಎಚ್ಚರಿಕೆ ಹೊರಟರೆ ರಾತ್ರಿ ತಂಪು ತಂಗುದಾಣ ತೆರೆಯುತ್ತದೆ. ಎರಡೂ ಕಡೆ ತೂಗಿದ ಕೆಲವೇ ವ್ಯವಸ್ಥೆಗಳಲ್ಲಿ ಇದೊಂದು.

ನಿರಾಶ್ರಿತರ ಶಿಬಿರಗಳಿಗೆ ಜಗತ್ತಿನಾದ್ಯಂತ ಬಳಸುವ ‘ಸ್ಫಿಯರ್’ ಕೈಪಿಡಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ ಬೇಕೆನ್ನುತ್ತದೆ, ಚಳಿ ಪ್ರದೇಶವಾದರೆ 4.5ರಿಂದ 5.5 ಎನ್ನುತ್ತದೆ. ಜಾಗಕ್ಕೆ ಸಿಕ್ಕ ಈ ಖಚಿತತೆ ಕಾವಿಗೆ ಸಿಕ್ಕಿಲ್ಲ. ಇದರ ಪಕ್ಕದಲ್ಲಿ ಇಟ್ಟು ನೋಡಬೇಕಾದದ್ದು ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆಯ ನಿಯಮ. ಮಾರಾಟಗಾರರು, ಪ್ರಯೋಗಾಲಯಗಳು ನಾಯಿಗಳನ್ನು ಇರಿಸುವ ಕಟ್ಟಡದ ಒಳಗೆ 85 ಫ್ಯಾರನ್‌ಹೀಟ್ (ಸುಮಾರು 29 ಸೆಲ್ಸಿಯಸ್) ಮೀರಿದ ಸೆಕೆ ಸತತ ನಾಲ್ಕು ಗಂಟೆಗಿಂತ ಹೆಚ್ಚು ಇರುವಂತಿಲ್ಲ. ಅಂಕೆಯೂ ಇದೆ, ಅವಧಿಯೂ ಇದೆ. ನಾಯಿಗೆ ಹೇಳಬಹುದಾದ ಇಷ್ಟನ್ನು ಮನುಷ್ಯರ ತಂಗುದಾಣಕ್ಕೆ ಹೇಳಲು ಸಾಧ್ಯವಿಲ್ಲವೆಂದು ವಾದಿಸುವುದು ಕಷ್ಟ.

ನಮ್ಮಲ್ಲಿ ಏನಿದೆ

ಭಾರತದಲ್ಲಿ ತಂಗುದಾಣಗಳ ಕಾನೂನು ಕೂಡ ಚಳಿಯಿಂದಲೇ ಹುಟ್ಟಿತು. 2009ರ ಡಿಸೆಂಬರಿನಲ್ಲಿ ದೆಹಲಿಯ ಪೂಸಾ ರಸ್ತೆಯ ವೃತ್ತದ ಬಳಿಯಿದ್ದ ತಾತ್ಕಾಲಿಕ ತಂಗುದಾಣವನ್ನು ಕೊರೆಯುವ ಚಳಿಯಲ್ಲೇ ತೆರವು ಮಾಡಿದ್ದು ನ್ಯಾಯಾಲಯಗಳ ಗಮನ ಸೆಳೆಯಿತು. 2010ರಲ್ಲಿ ಸುಪ್ರೀಂ ಕೋರ್ಟು ಆಹಾರದ ಹಕ್ಕಿನ ಪ್ರಕರಣದಲ್ಲೇ ತಂಗುದಾಣದ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿತು. ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ 100 ಜನರಿಗೆ ಸಾಲುವ, ವರ್ಷವಿಡೀ, ದಿನದ 24 ಗಂಟೆಯೂ ತೆರೆದಿರುವ ತಂಗುದಾಣ ಬೇಕೆಂಬ ಮಾನದಂಡ ಬೆಳೆದದ್ದು ಹೀಗೆ. ಅದು 2013ರ ನಗರ ಜೀವನೋಪಾಯ ಮಿಷನ್ನಿನ ಮಾರ್ಗಸೂಚಿಗೆ ಸೇರಿತು. ಅದರಲ್ಲಿ ಒಬ್ಬರಿಗೆ 50 ಚದರ ಅಡಿ ಜಾಗ, ಗಾಳಿ ಬೆಳಕು, ಕುಡಿಯುವ ನೀರು, ಶೌಚಾಲಯ, ಹಾಸಿಗೆ ಹೊದಿಕೆ, ಸೊಳ್ಳೆ ತಿಗಣೆ ನಿಯಂತ್ರಣ ಎಲ್ಲ ಇವೆ. ಡಿಗ್ರಿ ಮಾತ್ರ ಇಲ್ಲ. ದೆಹಲಿಯಲ್ಲಿ ಪ್ರತಿ ವರ್ಷ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಚಳಿಗಾಲದ ಕ್ರಿಯಾಯೋಜನೆ ಇರುತ್ತದೆ. ಆದರೆ ಅಲ್ಲಿನ ಎಷ್ಟೋ ತಂಗುದಾಣಗಳು ತಗಡಿನ ಪೋರ್ಟಾ ಕ್ಯಾಬಿನ್‌ಗಳು. ಜನವರಿಯಲ್ಲಿ ಜೀವ ಉಳಿಸುವ ಆ ಪೆಟ್ಟಿಗೆಯೇ ಜೂನ್ ತಿಂಗಳಲ್ಲಿ ಒಳಗೆ ಕೂರಲಾಗದಷ್ಟು ಕಾಯುತ್ತದೆ.

ವೃದ್ಧಾಶ್ರಮಗಳಿಗೆ ಆಧಾರ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣ ಕಾಯ್ದೆ. ಜಿಲ್ಲೆಗೊಂದರಂತೆ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಹಂತಹಂತವಾಗಿ ಸ್ಥಾಪಿಸಬಹುದು, ಅವುಗಳ ಗುಣಮಟ್ಟವನ್ನು ನಿಗದಿ ಮಾಡಬಹುದು ಎಂದು ಅದರ 19ನೇ ಕಲಂ ಹೇಳುತ್ತದೆ. ಮಕ್ಕಳ ಪಾಲನಾ ಸಂಸ್ಥೆಗಳಿಗೆ 2016ರ ಬಾಲನ್ಯಾಯ ಮಾದರಿ ನಿಯಮಗಳು ಸಾಕಷ್ಟು ಬೆಳಕು, ಗಾಳಿ, ಬೆಚ್ಚಗಿಡುವ ಮತ್ತು ತಂಪಾಗಿಡುವ ವ್ಯವಸ್ಥೆ ಇರಬೇಕೆನ್ನುತ್ತವೆ. ‘ಸಾಕಷ್ಟು’ ಎಂಬುದು ತಪಾಸಣೆಗೆ ಬಂದವರ ಕಣ್ಣಿಗೆ ಬಿಟ್ಟದ್ದು. ಮೂರು ಫ್ಯಾನು ತಿರುಗುತ್ತಿದ್ದರೆ ಸಾಕಷ್ಟೇ.

ಹವಾಮಾನ ಇಲಾಖೆಯ ಅಂಕೆಗಳು ಇಲ್ಲಿ ನೆರವಿಗೆ ಬರುವುದಿಲ್ಲವೇ? ಬಯಲುಸೀಮೆಯಲ್ಲಿ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಬಿಸಿಗಾಳಿ ಎಂದು ಘೋಷಿಸುತ್ತಾರೆ. ಅದು ನೆರಳಿನ ಪೆಟ್ಟಿಗೆಯಲ್ಲಿಟ್ಟ ಮಾಪಕದ ಹೊರಗಿನ ಅಳತೆ. ಹೊರಗೆ 36 ಇದ್ದು ಘೋಷಣೆ ಇಲ್ಲದ ದಿನವೂ ಮೇಲಂತಸ್ತಿನ ವಾರ್ಡಿನಲ್ಲಿ ರಾತ್ರಿ ಹತ್ತಕ್ಕೆ 34 ಇರಬಹುದು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಬೇಸಿಗೆ ಬಂತೆಂದರೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಆದೇಶ ಹೊರಡುತ್ತದೆ. ನೌಕರರು ಮಧ್ಯಾಹ್ನದ ಝಳಕ್ಕೆ ಮೊದಲೇ ಮನೆ ಸೇರಲಿ ಎಂಬ ಕಾಳಜಿ ಅದು, ಸರಿಯಾದದ್ದೇ. ಅದೇ ಜಿಲ್ಲೆಯ ವೃದ್ಧಾಶ್ರಮದವರಿಗೆ ಮಧ್ಯಾಹ್ನ 1.30ಕ್ಕೆ ಎದ್ದು ಹೋಗಲು ಬೇರೆ ಮನೆಯಿಲ್ಲ.

ಛಾವಣಿಯ ವಿಚಾರ

ನಮ್ಮ ಆಶ್ರಯಧಾಮಗಳ ಸೆಕೆಯ ಮೂಲ ಹೆಚ್ಚಾಗಿ ನೆತ್ತಿಯ ಮೇಲಿದೆ. ಆರ್‌ಸಿಸಿ ಮೋಲ್ಡು ಹಗಲೆಲ್ಲ ಬಿಸಿಲು ಕುಡಿಯುತ್ತದೆ. ಆ ಕಾವು ಕಾಂಕ್ರೀಟು ದಾಟಿ ಒಳಮೈಗೆ ಬರಲು ಹಲವು ಗಂಟೆ ಬೇಕು. ಹಾಗಾಗಿ ಹೊರಗೆ ಸಂಜೆಯ ಗಾಳಿ ತಂಪಾಗುವ ಹೊತ್ತಿಗೆ ಒಳಗಿನ ಛಾವಣಿ ಬಿಸಿ ಕಾರತೊಡಗುತ್ತದೆ. ರಾತ್ರಿ ಒಂಬತ್ತಕ್ಕೆ ಮಂಚದ ಮೇಲೆ ಅಂಗಾತ ಮಲಗಿದವರ ಮುಖಕ್ಕೆ, ಎದೆಗೆ ಆ ಕಾವು ನೇರವಾಗಿ ಬಡಿಯುತ್ತದೆ. ಫ್ಯಾನು ಛಾವಣಿಯ ಕೆಳಗಿನ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಸಾಮಾನ್ಯ ಉಷ್ಣಮಾಪಕ ಗಾಳಿಯ ಬಿಸಿಯನ್ನು ತೋರಿಸುತ್ತದೆಯೇ ಹೊರತು ಛಾವಣಿಯಿಂದ ಬರುವ ಈ ವಿಕಿರಣದ ಕಾವನ್ನು ಪೂರ್ತಿ ತೋರಿಸುವುದಿಲ್ಲ. ಅದಕ್ಕೆ ಕಪ್ಪು ಗೋಳದ ಮಾಪಕ ಬೇಕು. ಸುತ್ತಲಿನ ಗಾಳಿ 40 ಡಿಗ್ರಿ ದಾಟಿದ ಮೇಲೆ ಫ್ಯಾನು ಮೈಯನ್ನು ಇನ್ನಷ್ಟು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಕರಾವಳಿಯಲ್ಲಿ ಕಷ್ಟ ಬೇರೆ: ಮಂಗಳೂರಿನ 33 ಡಿಗ್ರಿಯಲ್ಲಿ ಗಾಳಿಯ ತೇವದಿಂದ ಬೆವರು ಸರಿಯಾಗಿ ಆರುವುದಿಲ್ಲ. ಹಾಗಾಗಿ ಅಂಕೆಗೆ ತೇವಾಂಶವನ್ನೂ ಸೇರಿಸದೆ ಗತಿಯಿಲ್ಲ.

ಈ ತಿಳಿವಳಿಕೆಯನ್ನು ಕೆಲಸಕ್ಕೆ ಹಚ್ಚಿದ ಉದಾಹರಣೆ ಅಹಮದಾಬಾದಿನಲ್ಲಿದೆ. 2010ರ ಮೇ ತಿಂಗಳಲ್ಲಿ ಆ ನಗರದಲ್ಲಿ ಉಷ್ಣಾಂಶ 46.8 ಡಿಗ್ರಿ ಮುಟ್ಟಿತು. ಆ ತಿಂಗಳು ವಾಡಿಕೆಗಿಂತ 1,344 ಸಾವುಗಳು ಹೆಚ್ಚು ಸಂಭವಿಸಿದವು. ಅಲ್ಲಿನ ಶಾರದಾಬೆನ್ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಮೇಲಿನ ಅಂತಸ್ತಿನಲ್ಲಿತ್ತು, ನೆತ್ತಿಯ ಮೇಲೇ ಕಾದ ಛಾವಣಿ. ವೈದ್ಯರು ಅದನ್ನು ಕೆಳಗಿನ ಅಂತಸ್ತಿಗೆ ಇಳಿಸಿದರು. ಸೆಕೆಯಿಂದ ಶಿಶುಗಳು ತೀವ್ರನಿಗಾ ಘಟಕಕ್ಕೆ ಸೇರುವುದು ಕಡಿಮೆಯಾಯಿತು. ದೊಡ್ಡ ಯಂತ್ರವಾಗಲೀ ಹೊಸ ಕಟ್ಟಡವಾಗಲೀ ಬೇಕಾಗಲಿಲ್ಲ, ಹಾಸಿಗೆಗಳು ಜಾಗ ಬದಲಿಸಿದವು ಅಷ್ಟೆ. 2013ರಲ್ಲಿ ಆ ನಗರ ದೇಶದಲ್ಲೇ ಮೊದಲ ಬಿಸಿಗಾಳಿ ಕ್ರಿಯಾಯೋಜನೆಯನ್ನು ಜಾರಿಗೆ ತಂದಿತು. ಛಾವಣಿಗೆ ಸುಣ್ಣ ಅಥವಾ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿಯುವ ಕೆಲಸ ಅಲ್ಲಿ ನಡೆಯಿತು. ತೆಲಂಗಾಣ 2023ರಲ್ಲಿ ಇದಕ್ಕಾಗಿ ತಂಪು ಛಾವಣಿ ನೀತಿಯನ್ನೇ ತಂದಿತು.

ಎಸಿ ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಎರಡೂ ಕಡೆಯವರಿಗೆ ಒಂದಿಷ್ಟು ಸತ್ಯವಿದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ತಂಡ ಭಾರತದ ಕಚೇರಿಗಳಲ್ಲಿ ನಡೆಸಿದ ಅಧ್ಯಯನ ನಮ್ಮವರ ಒಗ್ಗುವಿಕೆಯನ್ನು ಅಳೆದಿತ್ತು. ಎಸಿಯಿಲ್ಲದ ಕಟ್ಟಡದಲ್ಲಿ ಹೊರಗಿನ ತಿಂಗಳ ಸರಾಸರಿ 31 ಡಿಗ್ರಿ ಇರುವಾಗ ಜನರಿಗೆ ಒಳಗೆ 28.5ರ ಆಸುಪಾಸು ಹಿತವೆನಿಸುತ್ತದೆ. ಹೊರಗೆ ತಣ್ಣಗಾದಂತೆ ಹಿತದ ಮಟ್ಟವೂ ಇಳಿಯುತ್ತದೆ. ಇದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಜಾಗ ಪಡೆಯಿತು. ಪಶ್ಚಿಮದ 26ನ್ನು ಕಣ್ಣುಮುಚ್ಚಿ ನಕಲು ಮಾಡಬೇಕಿಲ್ಲ ಎನ್ನುವವರಿಗೆ ಇದು ಬಲ ಕೊಡುತ್ತದೆ. ಆದರೆ ಆ ಅಧ್ಯಯನದಲ್ಲಿ ಮಾತಾಡಿದವರು ದುಡಿಯುವ ವಯಸ್ಸಿನವರು, ಕೇಳಿದ್ದು ಹಿತದ ಬಗ್ಗೆ. ಎಂಬತ್ತರ ಹೃದ್ರೋಗಿಗೆ ‘ಒಗ್ಗಿದೆ’ ಎನ್ನಿಸುವುದೂ ‘ಸುರಕ್ಷಿತ’ವಾಗಿರುವುದೂ ಬೇರೆ ಬೇರೆ. ಉಷ್ಣ ಪ್ರದೇಶದ ಆಶ್ರಯಧಾಮಗಳಲ್ಲಿರುವ ವೃದ್ಧರನ್ನೇ ಕೇಂದ್ರವಾಗಿಟ್ಟ ಅಳತೆ ನಮಗೆ ತುರ್ತಾಗಿ ಬೇಕು.

ಆಕ್ಷೇಪಗಳು

ಅಂಕೆಯ ನಿಯಮಕ್ಕೆ ವಿರೋಧವಾಗಿ ಬರುವ ದೊಡ್ಡ ಮಾತು ಖರ್ಚಿನದು. ನಮ್ಮಲ್ಲಿ ಎಷ್ಟೋ ವೃದ್ಧಾಶ್ರಮಗಳು ಬಾಡಿಗೆ ಮನೆಯಲ್ಲಿ, ದಾನಿಗಳ ಅಕ್ಕಿ ಬೇಳೆಯಲ್ಲಿ ನಡೆಯುತ್ತಿವೆ. ಎಸಿ ಕಡ್ಡಾಯ ಎಂದರೆ ಚಿಕ್ಕವು ಬಾಗಿಲು ಹಾಕುತ್ತವೆ, ಇಲ್ಲವೇ ನೋಂದಣಿಯನ್ನೇ ತಪ್ಪಿಸಿಕೊಂಡು ಕಣ್ಮರೆಯಾಗಿ ನಡೆಯುತ್ತವೆ. ಇದು ನಿಜವಾದ ಅಪಾಯ. ಆದರೆ ಇದು ಯಂತ್ರ ಕಡ್ಡಾಯ ಮಾಡುವುದರ ವಿರುದ್ಧದ ವಾದವೇ ಹೊರತು ಅಳತೆ ಕಡ್ಡಾಯ ಮಾಡುವುದರ ವಿರುದ್ಧದ್ದಲ್ಲ. ಡಿಜಿಟಲ್ ಉಷ್ಣ–ತೇವಮಾಪಕಕ್ಕೆ ಕೆಲವು ನೂರು ರೂಪಾಯಿ. ಬಿಳಿ ಬಣ್ಣಕ್ಕೆ, ಕಿಟಕಿಯ ಹೊರಗಿನ ತಡಿಕೆಗೆ, ಒಂದು ಕೋಣೆಯ ಕೂಲರಿಗೆ ಅದಕ್ಕಿಂತ ಹೆಚ್ಚು, ಆದರೆ ಒಬ್ಬ ದಾನಿ ಒಂದು ಹುಟ್ಟುಹಬ್ಬಕ್ಕೆ ಕೊಡುವ ಊಟದ ಖರ್ಚಿನ ಸುತ್ತಮುತ್ತಲೇ.

ಎರಡನೆಯ ಆಕ್ಷೇಪ, ರಿಜಿಸ್ಟರಿನಲ್ಲಿ ಸುಳ್ಳು ಬರೆಯುತ್ತಾರೆ ಎಂಬುದು. ಬರೆಯಬಹುದು. ಆದರೆ ಹಗಲು ಹೊರಗೆ 41 ಇದ್ದ ದಿನದ ರಾತ್ರಿ ಒಳಗೆ 26 ಎಂದು ಬರೆದವರು ತಮ್ಮ ಸುಳ್ಳಿಗೆ ತಾವೇ ಸಾಕ್ಷಿ ಬಿಟ್ಟಂತೆ. ಅಂಕೆಯೇ ಇಲ್ಲದ ಕಡೆ ಆ ಸಾಕ್ಷಿಯೂ ಇರುವುದಿಲ್ಲ. ಅಳತೆಯಿಲ್ಲದೆ ‘ಸಾಕಷ್ಟು ಗಾಳಿ ಬೆಳಕು’ ಎಂದು ಪ್ರಮಾಣಪತ್ರ ಕೊಡುವುದು ಜ್ವರ ನೋಡದೆ ಮಾತ್ರೆ ಬರೆದುಕೊಟ್ಟಂತೆ.

ಮೂರನೆಯದು, ಚಳಿಯನ್ನು ಮರೆತುಬಿಡುವ ಅಪಾಯ. ಬೀದರಿನ, ಕೊಡಗಿನ, ಚಿಕ್ಕಮಗಳೂರಿನ ಜನವರಿ ರಾತ್ರಿಗಳಲ್ಲಿ ತೆಳುವಾದ ವೃದ್ಧದೇಹಕ್ಕೆ 15 ಡಿಗ್ರಿಯ ಕೋಣೆ ಕೂಡ ಕಷ್ಟವೇ. ಮಳೆಗಾಲದ ನೆರೆಯಲ್ಲಿ ಶಾಲೆಗಳಲ್ಲಿ ತೆರೆಯುವ ಕಾಳಜಿ ಕೇಂದ್ರಗಳಲ್ಲಿ ಒದ್ದೆ ಬಟ್ಟೆ, ತಣ್ಣನೆ ಸಿಮೆಂಟು ನೆಲ ಸೇರಿ ಇನ್ನೂ ಕೆಡುತ್ತದೆ. ಅಲ್ಲಿ ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು ವಿಷಾನಿಲದಿಂದ ಸಾವು ತರಬಹುದು. ನಿಯಮ ಅದನ್ನು ಸ್ಪಷ್ಟವಾಗಿ ನಿಷೇಧಿಸಬೇಕು.

ಕರ್ನಾಟಕಕ್ಕೆ ಎಂಥ ನಿಯಮ?

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ರಾಜ್ಯಕ್ಕೆ ಬೇಕಾದ ನಿಯಮದ ಆಕಾರವನ್ನು ಹೇಳಬಹುದು. 2007ರ ಕಾಯ್ದೆ ಗುಣಮಟ್ಟ ನಿಗದಿ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿರುವುದರಿಂದ ವೃದ್ಧಾಶ್ರಮಗಳಿಂದ ಶುರು ಮಾಡಲು ಹೊಸ ಕಾನೂನಿಗಾಗಿ ಕಾಯಬೇಕಿಲ್ಲ.

ಮೊದಲನೆಯದು ಅಳತೆ: ಪ್ರತಿ ಮಲಗುವ ಕೋಣೆಯಲ್ಲೂ ಮಂಚದ ಎತ್ತರಕ್ಕೆ ಉಷ್ಣ–ತೇವಮಾಪಕ, ಮಾರ್ಚಿನಿಂದ ಜೂನ್‌ವರೆಗೆ ದಿನಕ್ಕೆ ಮೂರು ಸಲ ಬರಹ. ಅದರಲ್ಲಿ ಒಂದು ರಾತ್ರಿ ಹತ್ತರ ನಂತರವೇ ಆಗಿರಬೇಕು, ಏಕೆಂದರೆ ನಮ್ಮ ಕಟ್ಟಡಗಳ ನಿಜ ಬಣ್ಣ ಬಯಲಾಗುವುದು ಆಗ. ಎರಡನೆಯದು ಫ್ರಾನ್ಸಿನ ಪಾಠ: ಸಂಸ್ಥೆಗೊಂದು ತಂಪು ಕೋಣೆ, ನೆಲ ಅಂತಸ್ತಿನಲ್ಲಿ, ಎಲ್ಲರೂ ಸರದಿಯಲ್ಲಿ ಕೂರುವಷ್ಟು ದೊಡ್ಡದು. ಮೂರನೆಯದು ಫ್ಲಾರಿಡಾದ ಪಾಠ: ಆ ಒಂದು ಕೋಣೆಯನ್ನಾದರೂ ಕರೆಂಟಿಲ್ಲದೆ ನಡೆಸುವ ಯುಪಿಎಸ್ ಅಥವಾ ಜನರೇಟರ್. ನಮ್ಮಲ್ಲಿ ಲೋಡ್‌ಶೆಡ್ಡಿಂಗ್ ಶುರುವಾಗುವುದೂ ಸೆಕೆಯ ತಿಂಗಳುಗಳಲ್ಲೇ. ನಾಲ್ಕನೆಯದು ಅಹಮದಾಬಾದಿನ ಪಾಠ: ಬಿಳಿ ಛಾವಣಿಯಿಲ್ಲದ ಮೇಲಂತಸ್ತಿನಲ್ಲಿ, ತಗಡಿನ ಶೀಟಿನ ಕೆಳಗೆ ಬೇಸಿಗೆಯಲ್ಲಿ ಹಾಸಿಗೆ ಹಿಡಿದವರನ್ನು ಮಲಗಿಸುವಂತಿಲ್ಲ. ಐದನೆಯದು ಮೆಟ್ಟಿಲುಗಳು: ಯಾವ ಅಂಕೆಗೆ ನೀರು ಮತ್ತು ಒದ್ದೆಬಟ್ಟೆ, ಯಾವ ಅಂಕೆಗೆ ತಂಪು ಕೋಣೆ, ಎಷ್ಟು ಗಂಟೆ ಮೀರಿದರೆ ವೈದ್ಯರಿಗೆ ಫೋನು, ಯಾವ ಗಳಿಗೆಗೆ ಹತ್ತಿರದ ಆಸ್ಪತ್ರೆಗೆ ಸ್ಥಳಾಂತರ ಎಂಬುದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ರಾತ್ರಿಪಾಳಿಯವರ ಕಣ್ಣಿಗೆ ಬೀಳುವಂತೆ ಇರಬೇಕು.

ಅಂಕೆ ಎಷ್ಟಿರಬೇಕು? ಮಲಗುವ ಕೋಣೆಗೆ 30 ಡಿಗ್ರಿ ಎಚ್ಚರಿಕೆಯ ಗೆರೆ, 32 ಕಡ್ಡಾಯ ಕ್ರಮದ ಗೆರೆ, ತಂಪು ಕೋಣೆಗೆ 28ರ ಮಿತಿ, ಚಳಿಗಾಲದಲ್ಲಿ 18ರ ಕೆಳಮಿತಿ ಎಂಬುದು ನನ್ನ ಸಲಹೆ. ಕರಾವಳಿಯಲ್ಲಿ ತೇವಾಂಶ ನೋಡಿ ಮೇಲಿನ ಗೆರೆಗಳನ್ನು ಇನ್ನೂ ಕೆಳಗಿಡಬೇಕು. ಎರಡು ಬೇಸಿಗೆಯ ರಿಜಿಸ್ಟರುಗಳು ಕೈಗೆ ಬಂದ ಮೇಲೆ ವೈದ್ಯರೂ ಕಟ್ಟಡ ತಜ್ಞರೂ ಕೂತು ಇದನ್ನು ತಿದ್ದಲಿ. ಅಂಕೆ ಪರಿಪೂರ್ಣವಾಗುವವರೆಗೆ ಕಾಯುತ್ತೇವೆ ಎನ್ನುವುದು ಸರಿಯಲ್ಲ. ಫ್ಲಾರಿಡಾದಲ್ಲಿ ಅಂಕೆ ಸರಿಯಾಗಿದ್ದೂ ಜನ ಸತ್ತರು, ಶಾರದಾಬೆನ್ ಆಸ್ಪತ್ರೆಯಲ್ಲಿ ಅಂಕೆಗೆ ಕಾಯದೆ ವಾರ್ಡು ಇಳಿಸಿದ್ದರಿಂದ ಶಿಶುಗಳು ತೀವ್ರನಿಗಾ ಘಟಕ ಸೇರುವುದು ಕಡಿಮೆಯಾಯಿತು. ಮೊದಲು ಅಳೆಯುವ, ಬರೆಯುವ, ಬರೆದದ್ದಕ್ಕೆ ಉತ್ತರ ಕೊಡುವ ಹೊಣೆಯನ್ನು ಒಬ್ಬ ವ್ಯಕ್ತಿಯ ಹೆಸರಿಗೆ ಕಟ್ಟಬೇಕು. ಮುಂದಿನ ಮಾರ್ಚಿಗೆ ಮುಂಚೆ ಒಂದು ಸುತ್ತೋಲೆಯಲ್ಲಿ ಇಷ್ಟನ್ನು ಮಾಡಬಹುದು.